ವಿಮಾನವನ್ನು ನಮ್ಮ ಅಟ್ಟದಲ್ಲಿ ಹುಡುಕಿದವರಿಗೆ

ಕಾಣೆಯಾದ ವಿಮಾನದ ತನಿಖಾ ಸಮಿತಿಯ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಸದಸ್ಯರಿಗೂ, ಅವರೆಲ್ಲ ಕುಳಿತು ಆಲೋಚಿಸುವ ತಂಪಾದ ಸಭಾಂಗಣಕ್ಕೂ ನಮ್ಮ ಬೀದಿಯ ಸಮಸ್ತರ ನಮಸ್ಕಾರಗಳು. ನಾನು ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವವಳು. ಆ ವಿಮಾನ ನಡೆಸುತ್ತಿದ್ದ ಪೈಲಟ್ ನನ್ನ ಒಡಹುಟ್ಟಿದವನು, ನನಗಿಂತ ಚಿಕ್ಕವನು. ಹೋದ ವರ್ಷ ಸಮುದ್ರದ ಮೇಲೆ ಹಾರುತ್ತಿದ್ದ ವಿಮಾನ ಅಷ್ಟೂ ಪ್ರಯಾಣಿಕರ ಸಮೇತ ಏನಾಯಿತೆಂದು ತಿಳಿಯದೇ ಹೋದಾಗ, ಅದನ್ನು ತಿಳಿದು ಹೇಳಲೆಂದೇ ತಮ್ಮನ್ನು ನೇಮಿಸಿದರು. ತಾವು ಹಡಗುಗಳನ್ನು ಕಳಿಸಿದಿರಿ, ಹಡಗುಗಳು ಹೋಗಿ ನೀರು ನೋಡಿಕೊಂಡು ಬಂದವು, ಅಲ್ಲಿ ನೀರಲ್ಲದೆ ಬೇರೇನೂ ಇಲ್ಲವೆಂದು ತಾವು ಪತ್ರಿಕೆಯವರಿಗೆ ತಿಳಿಸಿದಿರಿ. ಸಮುದ್ರದ ಬಗ್ಗೆ ನಮಗಿದ್ದ ಅಜ್ಞಾನವನ್ನು ಹೀಗೆ ನೀಗಿಸಿದ್ದಕ್ಕೆ ನಾವು ಋಣಿಗಳು.

ಆಮೇಲೆ ತಮ್ಮ ಇಬ್ಬರು ಅಧಿಕಾರಿಗಳು ನಮ್ಮ ಮನೆಗೆ ಬಂದರು. ಅವರ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಸಾಲದು. ಹಾಸಿಗೆ ಮಗುಚಿದರು, ಹಿಟ್ಟಿನ ಡಬ್ಬಿಯೊಳಗೆ ಮೊಣಕೈವರೆಗೆ ಕೈಹಾಕಿದರು, ನನ್ನ ಹೊಲಿಗೆ ಯಂತ್ರದ ಕೆಳಗೆ ಟಾರ್ಚ್ ಬಿಟ್ಟು ಬಗ್ಗಿ ನೋಡಿದರು, ಕೊನೆಗೆ ಅಟ್ಟ ಹತ್ತಿದರು. ಅಟ್ಟದ ಮೂಲೆಯಲ್ಲಿ, ಹಳೆಯ ಕಂಬಳಿಯ ಮಡಿಕೆಯೊಳಗೆ, ನಾವು ಎಂದೋ ಆಸೆ ಬಿಟ್ಟಿದ್ದ ಅಮ್ಮನ ಕನ್ನಡಕ ಅವರಿಗೆ ಸಿಕ್ಕಿತು. ಸಮುದ್ರದಲ್ಲಿ ರೆಕ್ಕೆ ಬಾಲ ಸಮೇತ ಒಂದು ವಿಮಾನವನ್ನೇ ಕಾಣದ ಸಮಿತಿ, ನಮ್ಮ ಅಟ್ಟದ ಕತ್ತಲಲ್ಲಿ ಒಂದು ಕನ್ನಡಕವನ್ನು ಕಂಡಿತೆಂದರೆ, ದೋಷ ಸಮಿತಿಯ ಕಣ್ಣಿನದಲ್ಲ, ಕೆಲಸ ಹಂಚಿದ ರೀತಿಯದು ಎಂದು ನನ್ನ ಅಲ್ಪಮತಿಗೆ ತೋರುತ್ತದೆ. ಆದಕಾರಣ ಆ ಇಬ್ಬರನ್ನೇ ಸಮುದ್ರಕ್ಕೆ ಕಳಿಸಿಕೊಡಬೇಕಾಗಿ ವಿನಂತಿ. ಅವರಿಗೆ ಬೇಕಾಗುವ ದಪ್ಪ ಕೋಟುಗಳನ್ನು ನಾನೇ ಹೊಲಿದುಕೊಡುತ್ತೇನೆ.

ಇನ್ನು ತಮ್ಮ ಕರಡು ವರದಿಯ ವಿಷಯ. ಟಿವಿಯಲ್ಲಿ ಅದನ್ನು ಓದಿದಾಗ ಮನೆಮಂದಿಯೆಲ್ಲ ಕುಳಿತು ಕೇಳಿದೆವು. ಪೈಲಟ್ ಹೊರಡುವ ಹಿಂದಿನ ದಿನ ಎದುರುಮನೆಯವರ ಏಣಿಯನ್ನು ತಾನಾಗಿ ಹಿಂತಿರುಗಿಸಿದ್ದಾನೆ, ಬಹುಕಾಲದಿಂದ ಸೋರುತ್ತಿದ್ದ ಅಡುಗೆಮನೆಯ ನಲ್ಲಿಯನ್ನು ಸರಿಪಡಿಸಿದ್ದಾನೆ, ಮರಳಿ ಬರುವ ಇರಾದೆ ಇದ್ದವನ ನಡವಳಿಕೆ ಇದಲ್ಲ, ಆದುದರಿಂದ ವಿಮಾನವನ್ನು ಅವನೇ ಬೇಕೆಂದು ದಾರಿ ತಪ್ಪಿಸಿರಬಹುದು ಎಂದು ಬರೆದಿದ್ದೀರಿ.

ಏಣಿ ಎದುರುಮನೆಯ ಬಡಗಿಯದು. ತಮ್ಮ ಅಧಿಕಾರಿಗಳು ವಿಚಾರಿಸಿದಾಗ ಅವನು, ನಮ್ಮ ಹುಡುಗನ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡೋಣವೆಂದು, "ಇಸ್ಕೊಂಡ ಸಾಮಾನು ಕೇಳದೇನೇ ತಂದ್ಕೊಡೋನು ಈ ಬೀದೀಲಿ ಅವನೊಬ್ಬನೇ ಸಾರ್, ಅದೂ ಒರೆಸಿ ತಂದ್ಕೊಟ್ಟ" ಎಂದು ಎದೆಯುಬ್ಬಿಸಿ ಹೇಳಿದ. ಅವರು ಬರೆದುಕೊಂಡರು. ಬರೆದುಕೊಳ್ಳುತ್ತಿದ್ದಾರಲ್ಲ ಎಂಬ ಖುಷಿಗೆ ಬಡಗಿ ಇನ್ನೊಂದು ಸಲ ಹೇಳಿದ. ವರದಿ ಕೇಳಿದ ದಿನದಿಂದ ಪಾಪ, ನಮ್ಮ ಮೆಟ್ಟಿಲ ಮೇಲೆ ಬಂದು ಕುಳಿತು "ನಾನು ಹೊಗಳಿದ್ದು ಕಣಕ್ಕಾ" ಎನ್ನುತ್ತಾನೆ. "ಹೊಗಳೋದಿದ್ರೆ ನನ್ನ ಹತ್ರ ಹೊಗಳಬೇಕಿತ್ತು, ಪೆನ್ನು ಹಿಡ್ಕೊಂಡು ಬಂದೋರ ಹತ್ರ ಯಾಕೋ ಹೊಗಳಿದೆ" ಎಂದು ಅಮ್ಮ ಕೇಳುತ್ತಾಳೆ.

ನಲ್ಲಿಯ ವಿಷಯದಲ್ಲಿ ನಿಜವಾದ ಆರೋಪಿ ಪೈಲಟನ ಹೆಂಡತಿ. ಅದು ಸರಿಯಾಗದೆ ಹೊಸಿಲು ದಾಟಕೂಡದೆಂದು ಅವಳು ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದಳು. ಇದನ್ನು ತಮ್ಮ ಅಧಿಕಾರಿಗಳಿಗೆ ಬಿಡಿಸಿ ಹೇಳಿದರೂ ವರದಿಯಲ್ಲಿ ಸೇರಿಲ್ಲ. ಆ ಅಧಿಕಾರಿಗಳಿಬ್ಬರಿಗೂ ಇನ್ನೂ ಮದುವೆಯಾಗಿಲ್ಲವೆಂದು ಊಹಿಸಿದ್ದೇವೆ.

ತಮ್ಮ ವರದಿಯಿಂದ ನಮ್ಮ ಬೀದಿ ಪಾಠ ಕಲಿತಿದೆ ಎಂದು ತಿಳಿಸಲು ಹರ್ಷವಾಗುತ್ತದೆ. ಈಗ ಊರು ಬಿಟ್ಟು ಹೋಗುವವರು ಯಾರೂ ಯಾವ ಕೆಲಸವನ್ನೂ ಮುಗಿಸಿ ಹೋಗುವುದಿಲ್ಲ. ಗಾರೆಯವನು ಮಗಳ ಮನೆಗೆ ಹೊರಡುವಾಗ ಗೋಡೆಯನ್ನು ಅರ್ಧಕ್ಕೆ ನಿಲ್ಲಿಸಿ ಹೋದ. ಕ್ಷೌರಿಕ ಗಿರಾಕಿಯ ಒಂದು ಕೆನ್ನೆಯನ್ನಷ್ಟೇ ಬೋಳಿಸಿ, "ಇರಲಿ ಅಣ್ಣ, ನಾನು ವಾಪಸ್ ಬರ್ತೀನಿ ಅನ್ನೋದಕ್ಕೆ ಸಾಕ್ಷಿ ಬೇಕು" ಎಂದು ಬಸ್ಸು ಹತ್ತಿದ. ಪ್ರಾಮಾಣಿಕನೆನಿಸಿಕೊಳ್ಳಲು ಪ್ರಯಾಣಿಕನೊಬ್ಬ ಎಷ್ಟು ನಲ್ಲಿಗಳನ್ನು ಸೋರಲು ಬಿಡಬೇಕು, ಯಾರ ಯಾರ ಸಾಮಾನನ್ನು ಮನೆಯಲ್ಲೇ ಉಳಿಸಿಕೊಳ್ಳಬೇಕು ಎಂಬುದನ್ನು ಸಮಿತಿ ನಿಯಮಾವಳಿಯಾಗಿ ಹೊರಡಿಸಿದರೆ ಎಲ್ಲರಿಗೂ ಅನುಕೂಲ.

ಟಿವಿಯ ತಜ್ಞರನ್ನೂ ಇಲ್ಲಿ ಸ್ಮರಿಸಬೇಕು. ವಿಮಾನ ಹೆಸರಿಲ್ಲದ ದ್ವೀಪವೊಂದರಲ್ಲಿ ಇಳಿದಿದೆ, ಎಲ್ಲರೂ ಕ್ಷೇಮ ಎಂದು ಅವರಲ್ಲೊಬ್ಬರು ಭೂಪಟಕ್ಕೆ ಕಡ್ಡಿ ಊರಿ ಹೇಳಿದರು. ಅಮ್ಮ ಅವರ ಕಾರ್ಯಕ್ರಮವನ್ನು ಒಂದು ದಿನವೂ ತಪ್ಪಿಸುವುದಿಲ್ಲ. ಅಲ್ಲಿ ಹೊದೆಯಲು ಏನಾದರೂ ಸಿಗುತ್ತದೆಯೇ ಎಂದು ವಿಚಾರಿಸಲು ನನ್ನಿಂದ ಅವರಿಗೊಂದು ಕಾರ್ಡು ಬರೆಸಿದಳು. ಉತ್ತರ ಬಂದಿಲ್ಲ.

ಪೈಲಟನ ಹೆಂಡತಿ ಶಾಲಾ ವ್ಯಾನು ಓಡಿಸುತ್ತಾಳೆ. ವರದಿಯ ಮರುದಿನದಿಂದ ಪೋಷಕರು ಫೋನು ಮಾಡಿ "ಇವತ್ತು ಯಾವ ದಾರೀಲಿ ಹೋಗ್ತೀರಮ್ಮ" ಎಂದು ಬಹಳ ಮರ್ಯಾದೆಯಿಂದ ಕೇಳತೊಡಗಿದರು. ಆಮೇಲೆ ಫೋನುಗಳೂ ನಿಂತವು, ಮಕ್ಕಳೂ ನಿಂತರು. ವ್ಯಾನು ಈಗ ಮನೆಯ ಮುಂದೆ ನಿಂತಿದೆ. ಅವಳು ದಿನಾ ಬೆಳಿಗ್ಗೆ ಅದರ ಸೀಟುಗಳನ್ನು ಒರೆಸಿ ಒಳಗೆ ಬರುತ್ತಾಳೆ.

ಹೋದ ವಾರ ಒಬ್ಬ ಹೆಂಗಸು ನಮ್ಮ ಬಾಗಿಲಿಗೆ ಬಂದರು. ಆ ವಿಮಾನದಲ್ಲಿ ಅವರ ಮಗಳಿದ್ದಳಂತೆ. "ನಿಮ್ಮ ಮಗನ್ನ ಬೈದು ಹೋಗೋಣ ಅಂತ ಬಂದೆ" ಎಂದರು. ಅಮ್ಮ ಸ್ಟೂಲು ಎಳೆದು ಹಾಕಿ, "ಬೈಯಿರಿ, ಅಷ್ಟು ದೂರದಿಂದ ಬಂದಿದ್ದೀರಿ, ಕೂತ್ಕೊಂಡು ಬೈಯಿರಿ" ಎಂದಳು. ಅವರು ಕುಳಿತರು, ನೀರು ಕುಡಿದರು, ಎಷ್ಟು ಹೊತ್ತಾದರೂ ಬೈಗುಳ ಬರಲಿಲ್ಲ. ಕೊನೆಗೆ, "ಅವನೇ ಮಾಡಿದ ಅಂದ್ಕೊಂಡ್ರೆ ರಾತ್ರಿ ಒಂದು ಗಳಿಗೆ ನಿದ್ದೆ ಬರುತ್ತೆ, ಆಮೇಲೆ ಎಚ್ಚರ ಆಗುತ್ತೆ" ಎಂದರು. ಅಮ್ಮನಿಗೆ ಆ ಒಂದು ಗಳಿಗೆಯ ನಿದ್ದೆಯೂ ಇಲ್ಲವೆಂದು ನಾನು ಅವರಿಗೆ ಹೇಳಲಿಲ್ಲ.

ಮಾನ್ಯರೇ, ನನ್ನ ಒಡಹುಟ್ಟಿದವನು ನಿರ್ದೋಷಿ ಎಂದು ಬರೆಯಿರೆಂದು ನಾನು ಕೇಳುವುದಿಲ್ಲ. ಅವನು ಆ ದಿನ ಆಕಾಶದಲ್ಲಿ ಏನು ಕಂಡನೋ ನಾನು ನೋಡಿಲ್ಲ, ತಾವೂ ನೋಡಿಲ್ಲ. ತಾವು ಸಹಿ ಹಾಕುವ ಮುನ್ನ ಏಣಿ ನಲ್ಲಿಗಳ ವಾಕ್ಯವನ್ನು ಹೊಡೆದುಹಾಕಿ, ಆ ಜಾಗದಲ್ಲಿ "ನಮಗೆ ಗೊತ್ತಿಲ್ಲ" ಎಂದು ಬರೆಯಬೇಕು, ಅಷ್ಟೇ. ಸರ್ಕಾರಿ ಕಾಗದದ ಮೇಲೆ ಆ ಮಾತು ಬರೆದ ರೂಢಿ ಇಲ್ಲವೆಂದು ಬಲ್ಲೆ. ನಮ್ಮ ಬೀದಿಯಲ್ಲಿ ಅದನ್ನು ಎಲ್ಲರೂ ದಿನಕ್ಕೆ ಹತ್ತು ಸಲ ಹೇಳುತ್ತೇವೆ, ಇದುವರೆಗೆ ಯಾರ ಗೌರವಕ್ಕೂ ಕುಂದು ಬಂದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಕಾಣೆಯಾದ ಪೈಲಟನ ಅಕ್ಕ

ತಾಜಾ ಕಲಂ: ಬರುವ ಬುಧವಾರ ಅಮ್ಮ, ನಾನು ಮತ್ತು ಬೈಯಲು ಬಂದಿದ್ದ ಆ ತಾಯಿ ತಮ್ಮನ್ನು ಕಾಣಲು ಬರುತ್ತಿದ್ದೇವೆ. ವ್ಯಾನು ಓಡಿಸುವವಳು ಪೈಲಟನ ಹೆಂಡತಿಯೇ, ಮುಂದಿನ ಸೀಟು ಬೇಕೆಂದು ಆ ತಾಯಿ ಈಗಲೇ ಹೇಳಿದ್ದಾರೆ. ತಮ್ಮ ಕಚೇರಿ ಅಷ್ಟು ಸುಲಭವಾಗಿ ಸಿಗುವುದಿಲ್ಲವೆಂದು ಕೇಳಿದ್ದೇವೆ. ಸಿಗದಿದ್ದರೆ ಸಿಗಲಿಲ್ಲ ಎಂದು ಹೇಳಿ ವಾಪಸಾಗುತ್ತೇವೆ, ತಮ್ಮ ಕಾವಲುಗಾರನ ಮನೆಗೆ ಹೋಗಿ ಅಟ್ಟ ಹತ್ತಿ ಹುಡುಕುವುದಿಲ್ಲ.