ಸಾವಿರಕ್ಕೆ ನಾಲ್ಕುನೂರು

ತೇವ ಅಳೆಯುವ ಕಡ್ಡಿಯನ್ನು ವರಾಂಡದ ಗುಲಾಬಿ ಕುಂಡದೊಳಗೆ ಚುಚ್ಚಿ, ತಂತಿಯ ಇನ್ನೊಂದು ತುದಿಯನ್ನು ಅವಳು ಕಿಟಕಿಯಲ್ಲಿಟ್ಟ ಸರ್ಕ್ಯೂಟ್ ಬೋರ್ಡಿಗೆ ಸಿಕ್ಕಿಸುತ್ತಿದ್ದಳು. ಮಣ್ಣು ಕೊಡುವುದು ಏರಿಳಿಯುವ ವೋಲ್ಟೇಜು. ಚಿಪ್‌ಗೆ ತಿಳಿಯುವುದು ಬರೀ ಅಂಕಿ. ನಡುವೆ ಕೂತು ಅದನ್ನು ಇದಕ್ಕೆ ಬದಲಿಸುವ ಪರಿವರ್ತಕವನ್ನು ಪಳಗಿಸುವುದರಲ್ಲೇ ಅವಳ ತಿಂಗಳುಗಳು ಕಳೆದಿದ್ದವು. ಸೊನ್ನೆಯಿಂದ ಸಾವಿರದ ಇಪ್ಪತ್ತಮೂರರವರೆಗೆ. ಮಣ್ಣು ಒಣಗಿದಷ್ಟೂ ಅಂಕಿ ಮೇಲೆ. ಸಂಜೆ ಅವಳ ಕಂಪನಿಯ ಯಜಮಾನರು ಮನೆಗೇ ಬಂದು ನೋಡುವವರಿದ್ದರು. ಒಪ್ಪಿದರೆ ಅವಳ ವಿನ್ಯಾಸ ತಯಾರಿಕೆಗೆ, ಇಲ್ಲವಾದರೆ ಮೂಲೆಗೆ.

ಪುಟ್ಟ ಪರದೆಯ ಮೇಲೆ ನಾಲ್ಕುನೂರ ಹತ್ತು ಮೂಡಿತು. ಯಾರೂ ಮುಟ್ಟಬೇಡಿ ಎಂದು ಹೇಳಿ ಅವಳು ಒಳಗೆ ಕಂಪ್ಯೂಟರಿನ ಮುಂದೆ ಮೀಟಿಂಗಿಗೆ ಕೂತಳು.

ಅವಳ ಮಾವ ನಿವೃತ್ತ ಗಣಿತದ ಮೇಷ್ಟ್ರು. ಅಂಕಿ ಎಲ್ಲಿ ಕಂಡರೂ ಅವರ ಕೈ ಕೆಂಪು ಪೆನ್ನು ಹುಡುಕುತ್ತದೆ. ಸಾವಿರಕ್ಕೆ ನಾಲ್ಕುನೂರು ಎಂದು ಎದುರುಮನೆಯಾಕೆಗೆ ಹೇಳುವಾಗ, ಸ್ವಂತ ಮಗನೇ ಜಸ್ಟ್ ಪಾಸಾದಂತೆ ಅವರ ದನಿ ತಗ್ಗಿತ್ತು. ಆಕೆ ಕುಂಡವನ್ನು ಬಿಸಿಲಿಗೆ ಎಳೆದರು. ಸ್ವಲ್ಪ ಹೊತ್ತಿಗೆ ಐನೂರು.

"ಬುದ್ಧಿ ಇದೆ ಕಣಮ್ಮ. ಗಮನ ಕೊಡೋರು ಇರ್ಲಿಲ್ಲ ಅಷ್ಟೆ," ಎಂದರು ಮಾವ.

ಆಕೆಗೆ ಹುರುಪು ಬಂದು ಕೂದಲು ಒಣಗಿಸುವ ಯಂತ್ರ ತಂದು ಮಣ್ಣಿಗೆ ಹಿಡಿದರು. ಮಧ್ಯಾಹ್ನ ಸೊಸೆ ಹೊರಗೆ ಬರುವಾಗ ಪರದೆಯಲ್ಲಿ ಒಂಬೈನೂರ ಹತ್ತು. ಗುಲಾಬಿ ಗಿಡ, ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನಂತೆ ತಲೆ ತಗ್ಗಿಸಿತ್ತು.

"ಮಾವ, ಇದ್ರಲ್ಲಿ ಜಾಸ್ತಿ ಬಂದಷ್ಟೂ ಕೆಟ್ಟದ್ದು."

"ಇದ್ಯಾವ ಸೀಮೆ ಲೆಕ್ಕಾನಮ್ಮ? ಜಾಸ್ತಿ ತಗೊಂಡೋನು ಫೇಲಾ?"

ಮಾವನನ್ನು ತಿದ್ದುವುದಕ್ಕಿಂತ ಪ್ರೋಗ್ರಾಮನ್ನು ತಿದ್ದುವುದು ಸುಲಭ. ಪರಿವರ್ತಕ ಕೊಟ್ಟ ಅಂಕಿಯನ್ನು ಸಾವಿರದ ಇಪ್ಪತ್ತಮೂರರಿಂದ ಕಳೆದು ತೋರಿಸು ಎಂದು ಒಂದು ಸಾಲು ಸೇರಿಸಿದಳು. ಈಗ ತೇವ ಹೆಚ್ಚಿದಷ್ಟೂ ಅಂಕಿ ಹೆಚ್ಚು. ಪರದೆ ನೂರ ಹದಿಮೂರಕ್ಕೆ ಇಳಿಯಿತು. ಗಿಡಕ್ಕೆ ಒಂದು ಲೋಟ ನೀರು ಹಾಕಿ ಎಂದು ಹೇಳಿ ಮತ್ತೆ ಒಳಗೆ ಹೋದಳು.

ಹೇಳಬಾರದಿತ್ತು. ಒಂದು ಲೋಟಕ್ಕೆ ಮುನ್ನೂರು ಬಂದರೆ ಒಂದು ಬಕೆಟ್ಟಿಗೆ ಎಷ್ಟು? ಮೇಷ್ಟ್ರಿಗೆ ತ್ರೈರಾಶಿ ಹೇಳಿಕೊಡಬೇಕೇ? ಅಷ್ಟರಲ್ಲಿ ಎದುರುಮನೆಯಾಕೆ ತಮ್ಮ ಕುಂಡವನ್ನೂ ಹೊತ್ತು ತಂದು, ಅದೇ ಕಡ್ಡಿ ಚುಚ್ಚಿಸಿ, ಆರುನೂರು ತೆಗೆದರು. ಮಾವ ಪೈಪು ಎಳೆದು ತಂದರು.

ಯಜಮಾನರು ಬಂದಾಗ ವರಾಂಡ ಕೆರೆಯಾಗಿತ್ತು. ಪಂಚೆ ಎತ್ತಿ ಕಟ್ಟಿದ ಮಾವ ನಮ್ಮದು ಡಿಸ್ಟಿಂಕ್ಷನ್ ಎನ್ನುತ್ತಿದ್ದರು; ಎದುರುಮನೆಯಾಕೆ ಮರುಎಣಿಕೆ ಕೇಳುತ್ತಿದ್ದರು. ಬಾಗಿಲಿಗೆ ಓಡಿಬಂದ ಅವಳಿಗೆ ತನ್ನ ವಿನ್ಯಾಸ ತೇಲಿಹೋಗುತ್ತಿರುವುದು ಕಣ್ಣೆದುರೇ ಕಂಡಿತು.

ಯಜಮಾನರು ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. "ಗಿಡಕ್ಕೆ ನೀರು ಹಾಕಿ ಅಂತ ಕಾಲಿಗೆ ಬಿದ್ರೂ ಜನ ಹಾಕಲ್ಲ. ಮಾರ್ಕ್ಸ್ ಕೊಟ್ರೆ ನೋಡಿ, ಜಗಳ ಆಡ್ಕೊಂಡು ಹಾಕ್ತಾರೆ. ಯಾರ ಐಡಿಯಾ ಇದು?"

ಅವಳು ಬಾಯಿ ತೆರೆಯುವಷ್ಟರಲ್ಲಿ ಮಾವ, "ನಂದೇ," ಎಂದಾಗಿತ್ತು.

ವಿನ್ಯಾಸ ತಯಾರಿಕೆಗೆ ಹೋಗುವುದು ನಿಶ್ಚಯವಾಯಿತು. ಜೊತೆಗೆ, ಸೋಮವಾರದಿಂದ ಮೇಷ್ಟ್ರು ಆಫೀಸಿನಲ್ಲಿ ಸಲಹೆಗಾರರು. ಕುರ್ಚಿ ಸೊಸೆಯ ಪಕ್ಕದಲ್ಲೇ.

"ಹೋಗ್ತಾ ಬರ್ತಾ ಒಟ್ಟಿಗೇ ಆಯ್ತಲ್ಲಮ್ಮ," ಎಂದರು ಮಾವ. "ನಿನ್ನ ಕೆಲಸಾನೂ ಹಾಗೇ ಸ್ವಲ್ಪ ತಿದ್ದಿಕೊಡ್ತೀನಿ."

ಅವಳು ನಕ್ಕಳು. ಎಲ್ಲರೂ ಕಾಫಿಗೆ ಒಳಗೆ ಹೋದ ಮೇಲೆ ಒದ್ದೆ ನೆಲದಲ್ಲಿ ಕುಕ್ಕುರುಗಾಲಲ್ಲಿ ಕೂತು, ಕಡ್ಡಿಗೆ ಮೆತ್ತಿದ ಕೆಸರನ್ನು ಸೆರಗಿನಿಂದ ಒರೆಸಿದಳು. ಪ್ರೋಗ್ರಾಮಿನಲ್ಲಿ ಇನ್ನೊಂದು ಸಾಲಿಗೆ ಜಾಗವಿತ್ತು. ಮಾವನ ಕೈಗೆ ಕೊಡುವ ಯಂತ್ರದ ಅಂಕಿ ಮಾತ್ರ, ಅವರು ಎಷ್ಟೇ ನೀರು ಕುಡಿಸಲಿ, ಪಾಸಾಗುವುದಕ್ಕೆ ಒಂದೇ ಒಂದು ಮಾರ್ಕ್ಸ್ ಬಾಕಿಯಿರುವಾಗ ನಿಂತುಬಿಡಬೇಕು.

ಒಳಗಿನಿಂದ ಮಾವ ಕರೆದರು. ಬಂದೆ ಎಂದು ಎದ್ದಳು.