ಐದು ರವಿವಾರ ಕಣ ಬಿಟ್ಟೇಳದ ಹೋರಿಯವರಿಗೆ

ಮೊರಬ, ತಾಲೂಕು ನವಲಗುಂದ
ಶನಿವಾರ, ೨೪ ಮೇ ೧೯೮೬

ಬಸವಣ್ಣನ ಗುಡಿಗೆ ಬಿಟ್ಟವರೂ, ಊರಿನ ಯಾವ ಹೊಲಕ್ಕೂ ಬದುವೇ ಇಲ್ಲವೆಂದು ನಂಬಿ ನಡೆಯುವವರೂ, ಹಾದಿಯಲ್ಲಿ ಬಂದರೆ ಬಸ್ಸನ್ನೂ ನಿಲ್ಲಿಸುವವರೂ ಆದ ಹೋರಿಯವರ ಸನ್ನಿಧಿಗೆ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕನೂ ಮೊರಬ-ಅಣ್ಣಿಗೇರಿ-ಕುಂದಗೋಳ ಗಾಲ್ಫ್ ಕೂಟದ ಕಾರ್ಯದರ್ಶಿಯೂ ಆದ ಶಿದ್ಲಿಂಗಪ್ಪನು ಎರಡೂ ಕೈ ಜೋಡಿಸಿ ಬರೆದುಕೊಂಡ ಬಹಿರಂಗ ಪತ್ರ.

ಮಾನ್ಯರೇ,

ಯೋಗಕ್ಷೇಮ ವಿಚಾರಿಸಿ ಪತ್ರ ಶುರುಮಾಡುವುದು ಪದ್ಧತಿಯಾದರೂ, ಕಳೆದ ಐದು ರವಿವಾರ ಬೆಳಗಿನಿಂದ ಸಂಜೆಯವರೆಗೆ ಹತ್ತು ಮಾರು ದೂರದಲ್ಲಿ ನಿಂತು ತಮ್ಮನ್ನೇ ನೋಡಿದ ನನಗೆ ಆ ಪ್ರಶ್ನೆ ಕೇಳುವ ಅಗತ್ಯ ಉಳಿದಿಲ್ಲ. ತಾವು ಚೆನ್ನಾಗಿದ್ದೀರಿ. ಕೊರಳ ಗಂಗೆದೊಗಲು ತುಂಬಿಕೊಂಡಿದೆ, ಮೈ ಮಿರುಗುತ್ತಿದೆ, ಮೆಲುಕು ಹಾಕುವುದರಲ್ಲಿ ಒಂದು ದಿನವೂ ಆತುರ ಕಂಡಿಲ್ಲ. ನಾನು ಮಾತ್ರ ಅಷ್ಟು ಚೆನ್ನಾಗಿಲ್ಲ. ಮೂವತ್ತಾರು ವರ್ಷ ಮಕ್ಕಳಿಗೆ ನಿಜವನ್ನೇ ಹೇಳಬೇಕೆಂದು ಕಲಿಸಿದ, ತಾನೂ ಹಾಗೆಯೇ ನಡೆದುಕೊಂಡ ನನ್ನನ್ನು ಈಗ ಮೂರು ಊರಿನವರು ಮೋಸಗಾರನೆನ್ನುತ್ತಿದ್ದಾರೆ, ಮತ್ತು ಅದಕ್ಕೆ ಕಾರಣ ತಾವು.

ತಾವು ನಮ್ಮ ಆಟದ ಮೇಲೆ ಕೂತಿದ್ದೀರೇ ಹೊರತು ಆಟ ಆಡಿದವರಲ್ಲವಾದ್ದರಿಂದ ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ನಮ್ಮೂರಿನ ನಿವೃತ್ತ ಹವಾಲ್ದಾರ ಯಲ್ಲಪ್ಪನವರು ದಂಡಿನ ಸಾಹೇಬರ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಂಡು ಹನ್ನೆರಡು ವರ್ಷ ಕಳೆದವರು. ನಾಲ್ಕು ವರ್ಷದ ಹಿಂದೆ ಊರಿಗೆ ಮರಳುವಾಗ ಕಬ್ಬಿಣದ ಮೂತಿಯ ಆರು ಹಳೆಯ ಕೋಲುಗಳನ್ನೂ, ಸಾಹೇಬರು ಪೊದೆಯಲ್ಲಿ ಕಳೆದುಕೊಂಡಿದ್ದ ಒಂದು ಚೀಲ ಬಿಳಿ ಚೆಂಡುಗಳನ್ನೂ ತಂದರು. ಕೋಲಿನಿಂದ ಚೆಂಡು ಹೊಡೆಯುತ್ತ ಹೊಡೆಯುತ್ತ ದೂರದ ಕುಳಿಗೆ ಬೀಳಿಸಬೇಕು, ಕಡಿಮೆ ಹೊಡೆತದಲ್ಲಿ ಬೀಳಿಸಿದವನು ಗೆದ್ದ, ಆಟ ಇಷ್ಟೇ. ಸಾಹೇಬರ ಕುಳಿಯ ಸುತ್ತ ಮೆತ್ತನೆಯ ಹಸಿರು ಹುಲ್ಲಿರುತ್ತದಂತೆ. ನಮ್ಮ ಎರೆನೆಲದಲ್ಲಿ ಬೇಸಿಗೆಗೆ ಹಸಿರೆಂಬುದು ಹೆಂಗಸರ ಬಳೆಯಲ್ಲಿ ಮಾತ್ರ. ಆದರೆ ನಮ್ಮಲ್ಲಿ ಕಣಗಳಿವೆ. ಜೋಳದ ರಾಶಿ ಮುಗಿದ ಮೇಲೆ ಊರ ಹೊರಗಿನ ಸರಕಾರಿ ಬಯಲಿನಲ್ಲಿ ಖಾಲಿ ಬೀಳುವ, ಎತ್ತು ತುಳಿದು ಗಟ್ಟಿಯಾದ, ಸಗಣಿ ಸಾರಿಸಿದ ಕಣದಷ್ಟು ನುಣುಪು ನೆಲ ಯಾವ ಸಾಹೇಬನಿಗೂ ಸಿಕ್ಕಿರಲಾರದು. ಕಣದಲ್ಲಿ ವನಸ್ಪತಿಯ ಖಾಲಿ ಡಬ್ಬಿ ಹೂತು ಕುಳಿ ಮಾಡಿದೆವು, ನಡುವಿನ ಮೇಟಿಕಂಬಕ್ಕೆ ಗುರುತಿಗೆಂದು ಕೆಂಪು ಬಟ್ಟೆ ಕಟ್ಟಿದೆವು. ಮರುವರ್ಷ ಅಣ್ಣಿಗೇರಿಯವರು ರೈಲು ಹಳಿಯ ಬಾಜೂ ಬಯಲಿನಲ್ಲಿ, ಕುಂದಗೋಳದವರು ಒಣಗಿದ ಕೆರೆಯಂಗಳದಲ್ಲಿ ಹೀಗೆಯೇ ಮಾಡಿಕೊಂಡರು, ಕೂಟ ಹುಟ್ಟಿತು.

ಕೂಟ ಹುಟ್ಟಿದ ಮೇಲೆ ನಿಯಮ ಬೇಡವೇ? ಹತ್ತೊಂಬತ್ತು ನಿಯಮಗಳನ್ನು ನಾನೇ ದುಂಡಗೆ ಬರೆದೆ. ಭೂಮಿಯ ಬಿರುಕಿಗೆ ಬಿದ್ದ ಚೆಂಡನ್ನು ಒಂದು ತೋಳಿನಷ್ಟು ಆಳದವರೆಗೆ ಹುಡುಕಬಹುದು, ಅದರಾಚೆಗಿನದು ಭೂಮಿತಾಯಿಯದು ಎಂಬುದು ಆರನೆಯದು. ಚೆಂಡಿಗೆ ಕೈ ತಾಗಿಸದೆ ಇದ್ದಲ್ಲಿಂದಲೇ ಹೊಡೆಯಬೇಕೆಂಬುದು ಏಳನೆಯದು. ಹನ್ನೊಂದನೆಯದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯಿತ್ತು. ಸಾಹೇಬರ ಆಟದಲ್ಲಿ ಚೆಂಡು ಕುಳಿಗೆ ತೀರ ಹತ್ತಿರ ನಿಂತರೆ ಎದುರಾಳಿಯೇ ‘ಬಿದ್ದಂಗ ಆತು, ಎತ್ತಿಕೊ’ ಎಂದು ಬಿಟ್ಟುಕೊಡುವ ರೂಢಿಯಿದೆಯೆಂದು ಯಲ್ಲಪ್ಪನವರು ಹೇಳಿದಾಗ, ಅದು ಪರೀಕ್ಷೆಯಲ್ಲಿ ಪುಕ್ಕಟೆ ಅಂಕ ಕೊಟ್ಟಂತೆ ಎಂದು ವಾದಿಸಿ, ನಾಲ್ಕು ಬೆರಳು ದೂರವಿದ್ದರೂ ಹೊಡೆದೇ ಬೀಳಿಸಬೇಕೆಂದು ಬರೆದವನು ನಾನು. ಕೊನೆಯದಾಗಿ, ಮಳೆಗೆ ಮೊದಲು ಅಂತಿಮ ಆಟ ಮುಗಿಯದಿದ್ದರೆ ಬಹುಮಾನದ ಹಿತ್ತಾಳೆ ತಂಬಿಗೆ ಹಿಂದಿನ ವರ್ಷ ಗೆದ್ದವನಲ್ಲಿಯೇ ಉಳಿಯತಕ್ಕದ್ದು. ಹಿಂದಿನ ವರ್ಷ ಗೆದ್ದವನು ನಾನೆಂಬುದು ಆಕಸ್ಮಿಕ, ಆ ತಂಬಿಗೆಯಲ್ಲಿ ನಮ್ಮ ಮನೆಯಲ್ಲಿ ಮಜ್ಜಿಗೆ ಇಡುತ್ತಿರುವುದೂ ಆಕಸ್ಮಿಕವೇ.

ಈಗ ಏಪ್ರಿಲ್ ಇಪ್ಪತ್ತರ ರವಿವಾರಕ್ಕೆ ಬರುತ್ತೇನೆ. ಈ ವರ್ಷದ ಅಂತಿಮ ಆಟ ನನಗೂ ನಮ್ಮೂರ ದರ್ಜಿ ಮೀರಾಸಾಬರಿಗೂ ಬಿದ್ದಿತ್ತು. ಮೀರಾಸಾಬರು ನನ್ನ ವಾರಿಗೆಯವರು. ನಾನು ತೊಡುವ ಅಂಗಿಗಳೆಲ್ಲ ಅವರು ಹೊಲಿದವು. ನಾಲ್ಕು ವರ್ಷದಿಂದ ಆಡಿ ಒಮ್ಮೆಯೂ ಗೆಲ್ಲದವರು ಅಂದು ಅಗದಿ ಹುರುಪಿನಿಂದ ಆಡಿದರು. ಕೊನೆಯ ಕಣಕ್ಕೆ ಬರುವಾಗ ನನಗಿಂತ ಒಂದು ಹೊಡೆತ ಮುಂದಿದ್ದರು. ನನ್ನ ಚೆಂಡು ಡಬ್ಬಿಗೆ ಬಿದ್ದು ನನ್ನ ಆಟ ಮುಗಿಯಿತು. ಅವರದು ಉರುಳುತ್ತ ಬಂದು ಡಬ್ಬಿಯಿಂದ ಒಂದೇ ಒಂದು ಗೇಣು ಈಚೆ ನಿಂತಿತು. ಅದೊಂದನ್ನು ಬೀಳಿಸಿದರೆ ತಂಬಿಗೆ ಅವರದು. ಅವರು ಕೋಲು ಸರಿಪಡಿಸಿಕೊಳ್ಳುತ್ತಿದ್ದಾಗ ತಾವು ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದಿರಿ, ಡಬ್ಬಿಯ ಬಾಯಿಗೆ ಮೂತಿಯಿಟ್ಟಿರಿ, ಆಮೇಲೆ ಮುಂಗಾಲು ಮಡಚಿ ಹಿಂಗಾಲು ಮಡಚಿ, ಡಬ್ಬಿಯನ್ನೂ ಚೆಂಡನ್ನೂ ಒಟ್ಟಿಗೆ ಹೊಟ್ಟೆಯಡಿ ಹಾಕಿಕೊಂಡು ಕೂತಿರಿ.

ಆ ಕೂಡುವಿಕೆಯನ್ನು ಹೊಗಳದೆ ಇರಲಾರೆ. ಜನ ಚಪ್ಪಾಳೆ ತಟ್ಟಿದರು, ಹುಲ್ಲು ತೋರಿಸಿದರು, ಕುಂದಗೋಳದವರೊಬ್ಬರು ಭಜನೆಯನ್ನೂ ಹಾಡಿದರು. ತಾವು ಕಿವಿ ಅಲುಗಿಸಲಿಲ್ಲ. ದೇವರಿಗೆ ಬಿಟ್ಟ ಹೋರಿಯನ್ನು ಹೊಡೆದು ಎಬ್ಬಿಸುವ ಪದ್ಧತಿ ನಮ್ಮೂರಲ್ಲಿಲ್ಲ, ಚೆಂಡನ್ನು ಕೈಯಿಂದ ತೆಗೆಯುವ ಪದ್ಧತಿ ನಮ್ಮ ನಿಯಮದಲ್ಲಿಲ್ಲ. ಉಳಿದೆರಡು ಊರಿನ ಸಾಕ್ಷಿದಾರರು ಒಂಬತ್ತು ಗಂಟೆಯ ಬಸ್ಸಿಗೆ ಬರುವುದು ರವಿವಾರವೊಂದೇ ಆದ್ದರಿಂದ ಆಟವನ್ನು ಮುಂದಿನ ರವಿವಾರಕ್ಕೆ ಮುಂದೂಡಿದೆವು. ಚೆಂಡಿನ ಮೇಲೆ ಬುಟ್ಟಿ ಕವುಚಿಟ್ಟು ವಾರವಿಡೀ ಕಾದೆವು. ತಾವು ಸೋಮವಾರದಿಂದ ಶನಿವಾರದವರೆಗೆ ಆ ಕಡೆ ಮುಖ ಹಾಕಲಿಲ್ಲ. ರವಿವಾರ ಬಸ್ಸು ಬರುವ ಹೊತ್ತಿಗೆ ಬುಟ್ಟಿಯನ್ನು ಅಪ್ಪಚ್ಚಿ ಮಾಡಿ ಅದೇ ಜಾಗದಲ್ಲಿ ಅದೇ ಮಗ್ಗುಲಾಗಿ ಕೂತಿದ್ದಿರಿ. ಹೀಗೆ ನಾಲ್ಕು ಬುಟ್ಟಿಗಳಾದವು. ‘ದನಗಳಿಗೆ ಪ್ರವೇಶವಿಲ್ಲ’ ಎಂದು ಮೇಟಿಗೆ ಅಂಟಿಸಿದ ಮೂರು ಸೂಚನಾಪತ್ರಗಳನ್ನು ತಾವು ತಿಂದಿದ್ದೀರಿ, ಅಂಟಿಗೆ ಬಳಸಿದ್ದ ಗಂಜಿಯನ್ನೂ ನೆಕ್ಕಿದ್ದೀರಿ. ನಲವತ್ತು ವರ್ಷದಲ್ಲಿ ನನ್ನ ಬರಹವನ್ನು ಇಷ್ಟು ಪೂರ್ತಿಯಾಗಿ ಅರಗಿಸಿಕೊಂಡ ಓದುಗರು ಬೇರೊಬ್ಬರಿಲ್ಲ.

ನನ್ನ ದೂರು ಇಷ್ಟಕ್ಕೆ ನಿಂತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಹೋರಿ ರವಿವಾರವನ್ನು ಹೇಗೆ ಎಣಿಸುತ್ತದೆಂದು ಜನ ಕೇಳತೊಡಗಿದರು. ಮೂರನೆಯ ರವಿವಾರ ಯಾರೋ ಡಬ್ಬಿಯ ಅಂಚಿನಲ್ಲಿ ಬೆಲ್ಲದ ಪುಡಿ ಕಂಡರು. ಆಟ ನಿಂತರೆ ಲಾಭ ಯಾರಿಗೆ, ಮಾಸ್ತರರಿಗೆ. ಆದ್ದರಿಂದ ಬೆಲ್ಲ ಯಾರದು, ಮಾಸ್ತರರದು. ಲೆಕ್ಕ ಕಲಿಸಿದವನು ನಾನೇ ಆದ್ದರಿಂದ ತಪ್ಪು ಹುಡುಕಲು ಆಗಲಿಲ್ಲ. ‘ಹೋರಿನ ಕೈಯಾಗ ಹಾಕ್ಕೊಂಡಾರ ಮಾಸ್ತರು’ ಎಂದು ಕಟ್ಟೆಯ ಮೇಲೆ ಆಡಿಕೊಂಡರು. ಕಣ ಸಾರಿಸಿ ಕೊಡುವ ನನ್ನ ಹೆಂಡತಿ ಶಿವಗಂಗವ್ವ ಸಹ ಬೆಲ್ಲದ ಡಬ್ಬಿಯನ್ನು ಮೇಲಿನ ಗೂಡಿಗೆ ಏರಿಸಿ, ‘ನಾ ಏನೂ ಅನ್ನಂಗಿಲ್ರಿ, ಇಟ್ಟೀನಿ ಅಷ್ಟ’ ಎಂದಳು.

ನಿಜ ಹೇಳುತ್ತೇನೆ. ಮೊದಲನೆಯ ದಿನದ ಬೆಲ್ಲ ನನ್ನದೇ. ಕಣಕ್ಕೆ ಪೂಜೆಯಿಲ್ಲದೆ ರಾಶಿ ಮಾಡದವರು ನಾವು, ಅಂತಿಮ ಆಟದ ಕುಳಿಗೆ ಪೂಜೆ ಬೇಡವೇ ಎಂದು ಅಂದು ಬೆಳಿಗ್ಗೆ ಡಬ್ಬಿಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಒಳಗೊಂದು ಬೆಲ್ಲದ ಚೂರು ಇಟ್ಟಿದ್ದೆ. ದೇವರ ಪ್ರಸಾದ ದೇವರ ಹೋರಿಗೆ ಸಂದದ್ದು ತಪ್ಪಲ್ಲ. ಆದರೆ ಆಮೇಲಿನ ನಾಲ್ಕು ರವಿವಾರ ನಾನು ಒಂದು ಹರಳನ್ನೂ ಇಟ್ಟಿಲ್ಲ. ‘ಅದೆಲ್ಲ ಯಾಕ್ರಿ, ಬಿಟ್ಟುಕೊಟ್ಟ ಬಿಡ್ರಿ ಮಾಸ್ತರ್ರ, ಗೇಣ ಅಷ್ಟ ಐತಿ’ ಎಂದು ಯಲ್ಲಪ್ಪನವರು ಎಷ್ಟು ಸಲ ಅಂದರೂ, ಹನ್ನೊಂದನೆಯ ನಿಯಮ ಇರುವವರೆಗೆ ಅದು ಸಾಧ್ಯವಿಲ್ಲವೆಂದೇ ಹೇಳಿದ್ದೇನೆ.

ನಾಳೆ ರೋಹಿಣಿ ಮಳೆ ಕೂಡುತ್ತದೆ. ಒಂದು ಹದಮಳೆ ಬಿದ್ದರೆ ಕಣಗಳು ಕೆಸರಾಗುತ್ತವೆ, ಆಟ ಮುಗಿಯುತ್ತದೆ, ತಂಬಿಗೆ ನನ್ನ ಮನೆಯಲ್ಲಿಯೇ ಉಳಿಯುತ್ತದೆ, ಅದರ ಜೊತೆಗೆ ಈ ಹೆಸರೂ ಉಳಿಯುತ್ತದೆ. ಆದ್ದರಿಂದ ತಮ್ಮಲ್ಲಿ ವಿನಂತಿ: ನಾಳೆಯೊಂದು ದಿನ ರಜೆ ಹಾಕಬೇಕು, ಅರ್ಜಿ ಬೇಕಿದ್ದರೆ ನಾನೇ ಎರಡು ಪ್ರತಿಯಲ್ಲಿ ಬರೆದುಕೊಡುತ್ತೇನೆ. ರಜೆ ಸಾಧ್ಯವಿಲ್ಲವಾದರೆ ಮೂರು ಮೊಳ ಮೂಡಣಕ್ಕೆ ಸರಿದು ಕೂಡಬೇಕು, ಅಲ್ಲಿ ಗಾಳಿಯೂ ಚೆನ್ನಾಗಿದೆ. ಅದೂ ಆಗದಿದ್ದರೆ, ‘ಮೊದಲ ದಿನದ ಚೂರಿನ ಹೊರತು ಶಿದ್ಲಿಂಗಪ್ಪನಿಂದ ನಾನು ಬೆಲ್ಲ ಪಡೆದಿಲ್ಲ’ ಎಂಬ ಹೇಳಿಕೆಗೆ ಬಲಗೊರಸಿನ ಗುರುತು ಹಾಕಿಕೊಡಬೇಕು. ಮಸಿದಿಂಬನ್ನು ಪಂಚಾಯತಿಯಿಂದ ಕಡ ತರುತ್ತೇನೆ. ಕಡೆಯ ಪಕ್ಷ ಕೂಟದ ಗೌರವಾಧ್ಯಕ್ಷತೆಯನ್ನಾದರೂ ಒಪ್ಪಿಕೊಳ್ಳಬೇಕು. ಗೌರವಾಧ್ಯಕ್ಷರು ಆಟದ ಹೊತ್ತಿನಲ್ಲಿ ಕಣಕ್ಕೆ ಕಾಲಿಡಬಾರದೆಂದು ಹದಿನೈದನೆಯ ನಿಯಮ ಹೇಳುತ್ತದೆ.

ಮಾನ್ಯರೇ, ಇಲ್ಲಿಯವರೆಗಿನದು ನಿನ್ನೆ ಮಸಿಯಲ್ಲಿ ಬರೆದದ್ದು. ಇಲ್ಲಿಂದ ಮುಂದೆ ಹೊಡೆತ ಗುರುತು ಹಾಕುವ ಪೆನ್ಸಿಲ್ಲಿನಲ್ಲಿ, ಕಣದ ಅಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಬೇಕು.

ಇಂದು ರವಿವಾರ, ಬೆಳಕು ಹರಿಯುವ ಹೊತ್ತಿಗೆ ಈ ಪತ್ರವನ್ನು ಮೇಟಿಗೆ ಅಂಟಿಸಲೆಂದು ಗಂಜಿಯ ಬಟ್ಟಲು ಹಿಡಿದು ಬಂದೆ. ಕಣದಲ್ಲಿ ಒಬ್ಬರು ಕುಕ್ಕರುಗಾಲಲ್ಲಿ ಕೂತಿದ್ದರು. ಒಂದು ಕೈಯಲ್ಲಿ ಬೆಲ್ಲದ ಉಂಡೆ, ಇನ್ನೊಂದು ಕೈ ನೆಲ ತಡವುತ್ತಿತ್ತು. ಡಬ್ಬಿ ಅವರ ಕಾಲ ಹೆಬ್ಬೆರಳಿನ ಮುಂದೆಯೇ ಇತ್ತು. ಕೈ ಎರಡು ಸಲ ಅದರ ಬಾಜೂ ಹಾದುಹೋಗಿ ಮೂರನೆಯ ಸಲ ಅಂಚಿಗೆ ತಾಗಿತು. ಐದು ಹೆಜ್ಜೆ ದೂರ ನಿಂತ ನನ್ನ ಕಡೆ ನೇರವಾಗಿ ನೋಡಿ, ‘ಯಾರ್ರಿ ಅದು?’ ಎಂದರು. ಮೀರಾಸಾಬರು.

ನನಗೆ ಮೊದಲು ಬಂದದ್ದು ಸಿಟ್ಟು. ಐದು ವಾರ ಇವರ ಸಲುವಾಗಿ ಬೈಸಿಕೊಂಡೆನಲ್ಲ ಎಂಬ ಸಿಟ್ಟು. ಅವರು ಎದ್ದು ನಿಲ್ಲಲಿಲ್ಲ. ‘ಮಾಸ್ತರ್ರ, ದೂರದ ಕೆಂಪು ಬಟ್ಟಿ ಮಸಕ ಮಸಕ ಕಾಣತೈತ್ರಿ, ಕಾಲಾಗಿನ ಡಬ್ಬಿ ಕಾಣಂಗಿಲ್ಲ. ಒಂದ ವರ್ಷ ಆತು. ನಮ್ಮ ಮನ್ಯಾಕಿ ಹಸನಬಿ ಸೂಜಿಗೆ ದಾರ ಪೋಣಿಸಿ ಕೊಡತಾಳ, ಗುಂಡೀ ಕಾಜಾ ಅಕೀನ ಹಾಕತಾಳ, ನಾ ಬೆರಳಿನ ಅಂದಾಜಿಗೆ ಹೊಲೀತೀನಿ. ಗೇಣ ದೂರದ ಚೆಂಡ ಮೂರ ಊರಿನ ಮುಂದ ತಪ್ಪಿತಂದ್ರ, ಹಬ್ಬಕ್ಕ ನನ್ನ ಕೈಗೆ ಅರಿವಿ ಕೊಡಾವರು ಯಾರ್ರಿ? ಮಳಿ ಬರೂತನಕ ಹೋರಿ ಕೂತ್ರ ಸಾಕಂದೆ. ನಿಮ್ಮ ಹೆಸರು ಕೆಡತೈತಿ ಅಂತ ತಿಳೀಲಿಲ್ರಿ, ತಿಳದ ಮ್ಯಾಲ ಹೇಳಾಕ ಬಾಯಿ ಬರಲಿಲ್ಲ’ ಎಂದರು. ರಂಜಾನಿನ ರೋಜಾ ಹಿಡಿದ ಮೇಲೂ, ಸ್ವತಃ ಒಂದು ಹನಿ ನೀರು ಮುಟ್ಟದೆ, ತಮಗೆ ಮಾತ್ರ ವಾರ ತಪ್ಪದೆ ಬೆಲ್ಲ ತಂದಿದ್ದಾರೆ ಆ ಮನುಷ್ಯ.

ನನಗೆ ನಾಚಿಕೆಯಾಯಿತು. ಮೊದಲ ದಿನವೇ ‘ಬಿದ್ದಂಗ ಆತು, ಎತ್ತಿಕೋರಿ’ ಎಂದು ಒಂದು ಮಾತು ಆಡಿದ್ದರೆ ಈ ಮುದುಕ ಕತ್ತಲು ಹರಿಯುವ ಮೊದಲೇ ನೆಲ ತಡವಬೇಕಾಗಿರಲಿಲ್ಲ. ನನ್ನ ಎದೆಯ ಮೇಲಿನ ಅಂಗಿಯ ಎರಡು ಗುಂಡಿಗಳು ಸಾಲು ತಪ್ಪಿರುವುದನ್ನು ಆರು ತಿಂಗಳಿಂದ ನೋಡುತ್ತಿದ್ದೆ, ಆದರೆ ನಿಯಮ ಪುಸ್ತಕದಲ್ಲಿ ಕಣ್ಣಿಟ್ಟವನಿಗೆ ಅದರರ್ಥ ಹೊಳೆದಿರಲಿಲ್ಲ. ಕಾಣದೆ ಇದ್ದದ್ದು ಅವರೊಬ್ಬರಿಗೇ ಅಲ್ಲ.

ಹೀಗಾಗಿ, ಒಂಬತ್ತರ ಬಸ್ಸು ಬಂದ ಮೇಲೆ ನಾನು ಎದ್ದು ನಿಂತು, ಹೋರಿಗೆ ಬೆಲ್ಲ ಇಟ್ಟವನು ನಾನೇ, ಅದರ ದಂಡವಾಗಿ ಕೊನೆಯ ಹೊಡೆತವನ್ನು ಮೀರಾಸಾಬರಿಗೆ ಬಿಟ್ಟುಕೊಟ್ಟಿದ್ದೇನೆ, ತಂಬಿಗೆ ಅವರದು ಎಂದು ಹೇಳುವವನಿದ್ದೇನೆ. ಸುಮ್ಮನೆ ಬಿಟ್ಟುಕೊಟ್ಟರೆ ಐದು ವಾರದ ಮೇಲೆ ಈಗೇಕೆ ಎಂದು ಜನ ಕೇಳುತ್ತಾರೆ, ಕೇಳುತ್ತ ಹೋದರೆ ಉತ್ತರ ದರ್ಜಿಯ ಅಂಗಡಿಗೆ ಮುಟ್ಟುತ್ತದೆ. ಮೀರಾಸಾಬರು ಬಹಳ ಹೊತ್ತು ಒಪ್ಪಲಿಲ್ಲ. ಹಬ್ಬದ ಮರುದಿನ ನನ್ನ ಜೊತೆ ಹುಬ್ಬಳ್ಳಿಯ ಕಣ್ಣಿನ ಶಿಬಿರಕ್ಕೆ ಬರಬೇಕು, ಮುಂದಿನ ವರ್ಷ ಆ ಗೇಣಿನ ಹೊಡೆತವನ್ನು ನನ್ನೆದುರು ಹೊಡೆದು ತೋರಿಸಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು. ಆಮೇಲೆ, ‘ನೀವು ಸುಳ್ಳ ಹೇಳತೀರೇನ್ರಿ ಮಾಸ್ತರ್ರ, ನಿಮಗ ಬರತೈತೇನದು?’ ಎಂದು ಕೇಳಿದರು. ಅದಕ್ಕೊಂದು ದಾರಿ ಮಾಡುತ್ತೇನೆಂದು ಹೇಳಿ ಅವರನ್ನು ಮನೆಗೆ ಕಳಿಸಿದ್ದೇನೆ.

ಹಳ್ಳದ ಕಡೆಯಿಂದ ತಾವು ಬರುತ್ತಿರುವುದು ಕಾಣುತ್ತಿದೆ. ಇನ್ನು ಮುಗಿಸುತ್ತೇನೆ.

ಗೊರಸಿನಿಂದ ಕೊಂಬಿನವರೆಗೆ ನಮಸ್ಕರಿಸುವ,
ತಮ್ಮ ವಿಶ್ವಾಸಿ,
ಶಿದ್ಲಿಂಗಪ್ಪ
ಕಾರ್ಯದರ್ಶಿ (ಇಂದು ಒಂಬತ್ತು ಗಂಟೆಯವರೆಗೆ)

ತಾ.ಕ.: ಬಹಿರಂಗ ಪತ್ರವೆಂದು ಮೇಲೆ ಬರೆದುಬಿಟ್ಟಿದ್ದೇನೆ, ಓದುವವರು ತಾವೊಬ್ಬರೇ ಆಗಿರಲಿ. ನನ್ನ ಮೂರು ಸೂಚನಾಪತ್ರಗಳಿಗೆ ಮಾಡಿದ್ದನ್ನೇ ಇದಕ್ಕೂ ಮಾಡಿ, ಒಂದು ಚೂರೂ ಉಳಿಸಬೇಡಿ. ಮೀರಾಸಾಬರ ಕೈಯಲ್ಲಿದ್ದ ಉಂಡೆಯನ್ನು ಇಸಿದುಕೊಂಡು ಎಲ್ಲ ಹಾಳೆಗಳಿಗೂ ಎರಡು ಮಗ್ಗುಲು ಚೆನ್ನಾಗಿ ಸವರಿ, ಮಡಚಿ, ನಾನೇ ಡಬ್ಬಿಯೊಳಗೆ ಇಡುತ್ತಿದ್ದೇನೆ. ಈಗ ಹೋರಿಗೆ ಬೆಲ್ಲ ಇಟ್ಟವನು ಶಿದ್ಲಿಂಗಪ್ಪ ಎಂದು ಮೂರು ಊರಿನ ಮುಂದೆ ಹೇಳಿದರೆ ಅದು ಸುಳ್ಳಲ್ಲ.