ಸಾಹೇಬರು ಸೊಂಟ ಬಗ್ಗಿಸಿದ ಭಾನುವಾರ

“ಇನ್ನು ಮೂರೇ ತಿಂಗಳು! ಈ ಹೊಟ್ಟೆಯನ್ನು ಗಡಿಪಾರು ಮಾಡದಿದ್ದರೆ ನಾನು ಇನ್ಸ್‌ಪೆಕ್ಟರೇ ಅಲ್ಲ!”

ಭಾನುವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಸಾಹೇಬರು ಕನ್ನಡಿಯ ಮುಂದೆ ನಿಂತು ಮೀಸೆ ತಿರುವಿದರು. ಅದಕ್ಕೆ ಕಾರಣವಿತ್ತು. ಹಿಂದಿನ ದಿನ ಠಾಣೆಯಲ್ಲಿ ಆರೋಗ್ಯ ತಪಾಸಣೆ ನಡೆದಿತ್ತು. ಡಾಕ್ಟರು ಇವರ ಬಿ.ಪಿ. ನೋಡಿ ಹುಬ್ಬೇರಿಸಿದ್ದರು, ಶುಗರ್ ನೋಡಿ ಕನ್ನಡಕ ಒರೆಸಿಕೊಂಡಿದ್ದರು.

“ನಿದ್ದೆ ಎಷ್ಟು ಹೊತ್ತು ಮಾಡ್ತೀರಿ?”

“ಸಿಕ್ಕಷ್ಟು.”

“ಊಟ?”

“ಸಿಕ್ಕಾಗ.”

“ವ್ಯಾಯಾಮ?”

“ಸಿಕ್ಕವರು ತಪ್ಪಿಸಿಕೊಂಡಾಗ!”

ಸಿಬ್ಬಂದಿಯೆಲ್ಲ ನಕ್ಕರು. ಡಾಕ್ಟರು ನಗಲಿಲ್ಲ. ನೇರವಾಗಿ ಸಾಹೇಬರ ಮನೆಗೇ ಫೋನ್ ಹಚ್ಚಿ, “ವಾರಕ್ಕೊಂದು ದಿನವಾದ್ರೂ ಇವರನ್ನ ಮಲಗಿಸಮ್ಮಾ” ಎಂದು ಮಡದಿಗೆ ಹೇಳಿಬಿಟ್ಟರು.

ಆಕೆ ಭಾನುವಾರ ತಿಂಡಿಯಾದ ಕೂಡಲೇ ಗಂಡನ ಮೊಬೈಲನ್ನು ಕಿತ್ತುಕೊಂಡರು. “ಇವತ್ತು ಇದು ನನ್ನ ಕಸ್ಟಡಿಯಲ್ಲಿರತ್ತೆ. ನೀವು ತೆಪ್ಪಗೆ ಮಲಗಿ!”

ಸಾಹೇಬರು ಮಲಗುವ ಆಸಾಮಿಯೇ? ಮನೆಯಲ್ಲೇ ಇದ್ದ ಅತ್ತೆ ನೋಡಿ ನಕ್ಕಾರೆಂದು ಕೋಣೆಯ ಚಿಲಕ ಹಾಕಿಕೊಂಡರು. ತಪಾಸಣೆಯ ದಿನ ಕಡ್ಡಿಯಂಥ ಹುಡುಗಿಯೊಬ್ಬಳು ಬಂದು ವ್ಯಾಯಾಮ ತೋರಿಸಿದ್ದಳು: ಅಂಗಾತ ಮಲಗುವುದು, ಎರಡೂ ಕಾಲೆತ್ತಿ ತಲೆಯ ಹಿಂದೆ ನೆಲ ಮುಟ್ಟಿಸುವುದು. ಅವಳಿಗಾದದ್ದು ಇವರಿಗಾಗದೇ? ಮಂಚಕ್ಕೂ ಬೀರುವಿಗೂ ನಡುವೆ ಮಲಗಿ, ಉಸಿರು ಬಿಗಿಹಿಡಿದು ಕಾಲೆತ್ತಿದರು. ಕಾಲು ಮೇಲೇರಿತು. ತಲೆಯನ್ನೂ ದಾಟಿತು. ನೆಲವನ್ನೂ ಮುಟ್ಟಿತು! ಭೇಷ್ ಎಂದುಕೊಳ್ಳುವಷ್ಟರಲ್ಲಿ ಸೊಂಟದೊಳಗೆ ‘ಕಟಕ್’ ಎಂದಿತು. ಮಡಚಿದ ಮೈ ಮಡಚಿದ ಹಾಗೇ ಪಕ್ಕಕ್ಕೆ ವಾಲಿ, ಮಂಚಕ್ಕೂ ಬೀರುವಿಗೂ ನಡುವೆ ಬೆಣೆಯ ಹಾಗೆ ಸಿಕ್ಕಿಕೊಂಡಿತು.

“ಊಂ... ಊಂ...” ಎಂದರು ಸಾಹೇಬರು. ಹೊಟ್ಟೆ ಎದೆಯ ಮೇಲೆ ಕೂತಿದ್ದರಿಂದ ಅಷ್ಟೇ ಹೊರಟಿತು.

ಹೊರಗೆ ಅತ್ತೆ ಪಿಸುಗುಟ್ಟಿದರು. “ಅಳಿಯಂದಿರ ಗೊರಕೆ ಕೇಳು. ಪಾಪ, ಎಷ್ಟು ಸುಸ್ತಾಗಿತ್ತೋ!”

“ಟಿ.ವಿ. ಆರಿಸೇ!” ಎಂದು ಮಡದಿ ಮಗಳಿಗೆ ಗದರಿದರು.

ಸಾಹೇಬರು ಇದ್ದಬದ್ದ ಶಕ್ತಿ ಕೂಡಿಸಿ ಕೂಗಿದರು: “ಹಿಡೀರೋ... ಬಾಗಿಲು ಒಡೀರೋ!”

“ಅಮ್ಮಾ, ಅಪ್ಪ ಕನಸಲ್ಲೂ ರೇಡ್ ಮಾಡ್ತಿದ್ದಾರೆ!” ಎಂದು ಮಗಳು ಕಿಸಕ್ಕನೆ ನಕ್ಕಳು.

ಅಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ಸಾಹೇಬರ ಜೀವ ಹಗುರಾಯಿತು. ಠಾಣೆಯ ಫೋನು! ಇನ್ನೇನು ಎಬ್ಬಿಸಲು ಬರುತ್ತಾಳೆ! ಆದರೆ ಮಡದಿಯ ದನಿ ಕೋಣೆಯವರೆಗೂ ಖಡಕ್ಕಾಗಿ ಬಂತು.

“ಎಬ್ಬಿಸಲ್ಲ ಕಣ್ರೀ! ಮದುವೆಯಾದಾಗಿನಿಂದ ಇವತ್ತೊಂದು ಭಾನುವಾರ ಮನುಷ್ಯರ ಹಾಗೆ ಮಲಗಿದ್ದಾರೆ. ನಾನೂ ಇವತ್ತೇ ಅವರನ್ನ ಹಗಲು ಹೊತ್ತು ಮನೇಲಿ ನೋಡ್ತಿರೋದು. ಕಳ್ಳ ಬಂದ್ರೆ ನಾಳೆ ಬಾ ಅನ್ನಿ!”

ಬೀರುವಿನ ಕಾಲಿಗೆ ಮೂಗು ಒತ್ತಿಕೊಂಡಿದ್ದ ಸಾಹೇಬರ ಕಣ್ಣು ತುಂಬಿ ಬಂತು. ಸೊಂಟದ ನೋವಿಗಲ್ಲ. ಇಂಥ ಹೆಂಡತಿಯ ಜೊತೆ ಕೂತು ಒಂದು ಲೋಟ ಕಾಫಿ ನೆಮ್ಮದಿಯಾಗಿ ಕುಡಿದು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಿದರೆ ನೆನಪೇ ಆಗಲಿಲ್ಲ.

ಫೋನಿಗೆ ಬಗ್ಗದ ಮನೆಗೆ ಜೀಪೇ ಬಂತು. ದಫೇದಾರರೂ ಡ್ರೈವರೂ ಬಾಗಿಲಲ್ಲಿ ನಿಂತು ಕೈಮುಗಿದರು. ಮಡದಿ ಬಾಯಿಗೆ ಬೆರಳಿಟ್ಟು “ಶ್!” ಎಂದರು. ಆ ನಿಶ್ಶಬ್ದದಲ್ಲಿ ಒಳಗಿನಿಂದ ಕ್ಷೀಣ ಸ್ವರವೊಂದು ತೇಲಿ ಬಂತು: “ದಯವಿಟ್ಟು... ಯಾರಾದ್ರೂ ಬನ್ರಪ್ಪಾ...”

ದಫೇದಾರರ ಮುಖ ಬಿಳುಚಿತು. “ಅಮ್ಮಾವ್ರೇ! ನಮ್ ಸಾಹೇಬ್ರು ಕನಸಲ್ಲೂ ‘ದಯವಿಟ್ಟು’ ಅನ್ನೋರಲ್ಲ! ಒಳಗೇನೋ ಅನಾಹುತ ಆಗಿದೆ!”

ಇಬ್ಬರೂ ಹೆಗಲು ಕೊಟ್ಟು ನುಗ್ಗಿದರು. ಚಿಲಕ ಹಾರಿತು. ಮಡದಿ ಗಂಡನ ಅವಸ್ಥೆ ನೋಡಿ, “ಅಯ್ಯೋ, ಇದೇನ್ರೀ! ನಿಮ್ಮ ತಲೆ ಯಾವ ಕಡೆ ಇದೆ?” ಎಂದು ಚೀರಿದರು.

“ತಲೆ ಆಮೇಲೆ ಹುಡುಕು, ಮೊದ್ಲು ಎತ್ತು!” ಎಂದರು ಸಾಹೇಬರು.

“ನೀವು ಪಕ್ಕಕ್ಕೆ ಬನ್ರಮ್ಮಾ, ಇದು ಇಲಾಖೆ ಕೆಲಸ” ಎಂದು ಡ್ರೈವರ್ ಬಗ್ಗಿದ. ಹಗಲೂ ರಾತ್ರಿ ಜೀಪಿನಲ್ಲಿ ಕುಲುಕಿ ಕುಲುಕಿ ಸವೆದಿದ್ದ ಅವನ ಬೆನ್ನು ಅಲ್ಲೇ ಹಿಡಿದುಕೊಂಡಿತು. ‘ಅಮ್ಮಾ!’ ಎಂದು ಮಂಡಿಯೂರಿದವನು ಮತ್ತೆ ಏಳಲಿಲ್ಲ. ಅವನನ್ನು ಎಳೆಯಲು ಹೋದ ದಫೇದಾರರ ಮಂಡಿ, ವರ್ಷಗಟ್ಟಲೆ ಬಂದೋಬಸ್ತಿಗೆ ನಿಂತು ನಿಂತು ದಣಿದಿದ್ದ ಮಂಡಿ, ಟಪ್ಪೆಂದು ಕೈಕೊಟ್ಟಿತು. ಅವರು ಡ್ರೈವರ್ ಮೇಲೆ ಒರಗಿದರು, ಡ್ರೈವರ್ ಸಾಹೇಬರ ಮೇಲೆ ಒರಗಿದ. ಅರ್ಧ ಠಾಣೆ ಕೋಣೆಯ ನೆಲದ ಮೇಲೆ!

“ಅಲ್ಲ ಕಣೇ, ಇವರ ಕೈಗೆ ಕಳ್ಳರು ಅದು ಹೇಗೆ ಸಿಕ್ಕಿಬೀಳ್ತಾರೆ?” ಎಂದರು ಅತ್ತೆ.

“ಅವರಿಗೂ ಸೊಂಟ ಹಿಡಿದಿರತ್ತೆ ಅಜ್ಜೀ!” ಎಂದಳು ಮಗಳು.

ಸಾಹೇಬರು ಕೆಳಗಿನಿಂದಲೇ ಗುಡುಗಲು ನೋಡಿದರು. “ಠಾಣೆಗೆ ಫೋನ್ ಮಾಡು! ಇನ್ನೂ ನಾಲ್ಕು ಜನರನ್ನ ಕರೆಸು!”

“ಬಂದವರನ್ನ ಮಲಗಿಸೋಕೆ ಮನೇಲಿ ಜಾಗ ಇಲ್ಲ!” ಎಂದ ಮಡದಿ, ಗಂಡನ ಮೊಬೈಲಿನಲ್ಲೇ ಬೇರೆ ನಂಬರ್ ಒತ್ತಿದರು.

“ಹಲೋ, ಅಗ್ನಿಶಾಮಕದವರಾ? ಬೇಗ ಬನ್ನಿ! ... ಇಲ್ಲಪ್ಪಾ, ಬೆಂಕಿ ಬಿದ್ದಿಲ್ಲ. ಪೊಲೀಸರು ಬಿದ್ದಿದ್ದಾರೆ!”